ಮಾವ ಹೇಳಿಕೊಂಡ ಆಟ

ಪದ್ಮಾಕ್ಷಿ ದಿನವೂ ಬೆಳಿಗ್ಗೆ ಮೀನಿನ ದರ ಕೇಳುತ್ತಿದ್ದಳು. ಕೊಳ್ಳುವ ದಿನವೂ ಕೇಳುತ್ತಿದ್ದಳು, ಕೊಳ್ಳದ ದಿನವೂ ಕೇಳುತ್ತಿದ್ದಳು. ಸೋಮವಾರ ಅವಳಿಗೆ ಒಪ್ಪೊತ್ತು, ಶ್ರಾವಣದಲ್ಲಿ ಮನೆಯೊಳಗೆ ಮೀನೇ ಬರುವುದಿಲ್ಲ. ಆಗಲೂ ದೇವರ ಮುಂದೆ ದೀಪ ಹಚ್ಚಿ, ಕೈ ಮುಗಿದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ನೇರ ಬೇಲಿಯ ದಣಪೆಯ ಹತ್ತಿರ ಬಂದು ನಿಲ್ಲುವಳು. ಗುಲ್ವಾಡಿಯ ಹೊಳೆಬದಿಯ ರಸ್ತೆಯಲ್ಲಿ ಮೀನು ಮಾರುವ ಪ್ರಭಾವತಿಯ ಸ್ಕೂಟರಿನ ಹಾರನ್ ಕೇಳಿಸುವುದಕ್ಕೂ ಅವಳು ಬಂದು ನಿಲ್ಲುವುದಕ್ಕೂ ಸರಿಹೋಗುತ್ತಿತ್ತು.

"ಬಂಗ್ಡಿ ಹ್ಯಾಂಗೆ?"

"ಇನ್ನೂರಕ್ಕ್ ಎಂಟ್. ಹಾಕ್ಲಾ?"

"ಬ್ಯಾಡ. ಇವತ್ತ್ ಸೋಮಾರ."

"ಸೋಮಾರ ಅಂದ್ ಗೊತ್ತಿದ್ದೂ ಕೇಂತ್ರಿಯಲೆ ಪದ್ಮಕ್ಕ. ಮೀನ್ ತಕಂಬೋರ್ ಬೇಕಾದಷ್ಟ್ ಜನ ಇದ್ರ್. ಬರೀ ದರ ತಕಂಬೋರ್ ನೀವೊಬ್ರೇ."

"ದರ ಕೇಂಬುಕೂ ದುಡ್ಡ್ ಕೊಡ್ಕಾ?"

"ಈ ವರ್ಷ ಬ್ಯಾಡ. ಬಪ್ಪ್ ವರ್ಷದಿಂದ ಕೊಡಿ," ಎಂದು ಪ್ರಭಾವತಿ ಸ್ಕೂಟರು ತಿರುಗಿಸುತ್ತಿದ್ದಳು.

ದರ ದಿನವೂ ಕಿವಿಗೆ ಬೀಳುತ್ತಿದ್ದರೆ ಅದು ಏರುವಾಗ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ, ಕೇಳದೇ ಬಿಟ್ಟರೆ ಒಂದು ದಿನ ಗೋಡೆಯ ಹಾಗೆ ಎದುರು ನಿಲ್ಲುತ್ತದೆ ಎಂಬುದು ಪದ್ಮಾಕ್ಷಿ ಮನಸ್ಸಿನಲ್ಲಿ ಇಟ್ಟುಕೊಂಡ ಲೆಕ್ಕ. ಅದನ್ನು ಅವಳು ಯಾರಿಗೂ ವಿವರಿಸಲು ಹೋದದ್ದಿಲ್ಲ.

ಅವಳು ಊರ ಸರಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅದಕ್ಕೆ ಬರುವುದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಬೇಸಿಗೆ ರಜೆಯಲ್ಲಿ ಅದೂ ಇಲ್ಲ. ಕೆಲವು ಸಲ ಎರಡು ಮೂರು ತಿಂಗಳದ್ದು ನಿಂತು, ಮರೆತೇ ಹೋದ ಮೇಲೆ ಒಟ್ಟಿಗೆ ಬರುತ್ತದೆ. ರಜೆಯ ದಿನಗಳಲ್ಲಿ ಅವಳು ಹಲಸಿನ ಹಪ್ಪಳ ಮಾಡಿ ಕೋಟೇಶ್ವರದ ಒಂದು ಅಂಗಡಿಗೆ ಕೊಡುತ್ತಿದ್ದಳು. ಮನೆಯಲ್ಲಿ ಮೊದಲು ದೊಡ್ಡ ದುಡಿಮೆ ಇದ್ದದ್ದು ಗಂಡ ಹಿರಿಯಣ್ಣನದು. ಅವನು ಮುಂಬಯಿಯ ಒಂದು ಕ್ಯಾಂಟೀನಿನಲ್ಲಿ ಹುಡುಗನಾಗಿ ಸೇರಿ ಅಡುಗೆಮನೆಯ ಯಜಮಾನನಾಗುವವರೆಗೆ ದುಡಿದ. ಎರಡು ವರ್ಷದ ಹಿಂದೆ ಅದೇ ಅಡುಗೆಮನೆಯಲ್ಲಿ, ಸೌಟು ಹಿಡಿದಿದ್ದ ಹಾಗೆಯೇ ಕುಸಿದ. ಬಲಗೈ ಬಲಗಾಲು ಸೋತವು, ಮಾತು ದಪ್ಪವಾಯಿತು. ಅಲ್ಲಿಯ ಆಸ್ಪತ್ರೆಗೆ ಉಳಿತಾಯವೆಲ್ಲ ಹೋಯಿತು. ಅವನ ಕೈಕೆಳಗೆ ಕೆಲಸ ಕಲಿತು ಈಗ ಪುಣೆಯಲ್ಲಿ ಸ್ವಂತ ಹೋಟೆಲು ಇಟ್ಟಿರುವ ಹೆಮ್ಮಾಡಿಯ ರತನ್ ಅವನನ್ನು ರೈಲಿನಲ್ಲಿ ಮಲಗಿಸಿಕೊಂಡು ಕುಂದಾಪುರಕ್ಕೆ ತಂದು, ಮನೆಯ ಜಗಲಿಯವರೆಗೆ ಎತ್ತಿ ತಂದು ಕೂರಿಸಿ ಹೋದ. ಟಿಕೇಟಿನ ಹಣ ಎಷ್ಟೆಂದು ಪದ್ಮಾಕ್ಷಿ ಕೇಳಿದ್ದಕ್ಕೆ ಅವನು ಉತ್ತರವನ್ನೇ ಕೊಡಲಿಲ್ಲ. ಅವಳೂ ಮತ್ತೆ ಕೇಳಲಿಲ್ಲ.

ಉಳಿದವರೆಂದರೆ ಬ್ರಹ್ಮಾವರದಲ್ಲಿ ನರ್ಸಿಂಗ್ ಓದುವ ಮಗಳು ವಿನಯಾ, ಮತ್ತು ಅತ್ತೆ ಅಪ್ಪಿಯಮ್ಮ. ಅಪ್ಪಿಯಮ್ಮನಿಗೆ ಎಂಬತ್ತು ದಾಟಿದೆ. ಕಣ್ಣು ಮಂಜಾದರೂ ನಾಲಿಗೆ ಮಂಜಾಗಿಲ್ಲ.

ಪದ್ಮಾಕ್ಷಿ ಲೆಕ್ಕ ಬರೆದಿಡುವವಳಲ್ಲ. ಹಣ ಕೈಗೆ ಬಂದ ದಿನವೇ ಅದನ್ನು ಬೇರೆ ಬೇರೆ ಕಟ್ಟು ಮಾಡಿ, ಒಂದೊಂದಕ್ಕೂ ರಬ್ಬರ್ ಬ್ಯಾಂಡ್ ಹಾಕಿ, ಒಂದೊಂದಕ್ಕೂ ಒಂದೊಂದು ಹೆಸರಿಡುತ್ತಿದ್ದಳು. ಇದು ಮಾತ್ರೆ, ಇದು ಕಾಲೇಜು, ಇದು ಕರೆಂಟು, ಇದು ಅಕ್ಕಿ. ಹೆಸರಿಟ್ಟ ಹಣವನ್ನು ಇನ್ನೊಂದು ಹೆಸರಿನ ಕೆಲಸಕ್ಕೆ ಮುಟ್ಟುವಂತಿಲ್ಲ. ಕರೆಂಟಿನ ಕಟ್ಟಿನಲ್ಲಿ ಉಳಿದರೂ ಅದು ಬರುವ ತಿಂಗಳ ಕರೆಂಟಿಗೇ. ವಿನಯಾ ಇದನ್ನು ನೋಡಿ ನಗುತ್ತಿದ್ದಳು. ಆದರೆ ಆ ಎರಡು ವರ್ಷದಲ್ಲಿ ಹಿರಿಯಣ್ಣನ ಒಂದು ಹೊತ್ತಿನ ಮಾತ್ರೆಯೂ ತಪ್ಪಿರಲಿಲ್ಲ. ಮಗಳ ಒಂದು ಕಂತಿನ ಫೀಸೂ ತಡವಾಗಿರಲಿಲ್ಲ.

ಆ ಫೋನು ಬಂದದ್ದು ಮೇ ತಿಂಗಳಲ್ಲಿ. ಪದ್ಮಾಕ್ಷಿ ಹಪ್ಪಳ ಒಣಗಿಸುತ್ತ ಅಂಗಳದಲ್ಲಿದ್ದಳು. ಫೋನು ಎತ್ತಿದವರು ಅಪ್ಪಿಯಮ್ಮ.

ಕರೆ ಬಂದದ್ದು ಬ್ರಹ್ಮಾವರದ ಕಡೆಯ ಅಮ್ಮನವರ ದೇವಸ್ಥಾನದ ಕಚೇರಿಯಿಂದ. ಆ ದೇವಸ್ಥಾನಕ್ಕೆ ಯಕ್ಷಗಾನದ ಮೇಳ ಇದೆ. ಈ ಸೀಮೆಯಲ್ಲಿ ಕಷ್ಟ ಬಂದಾಗ ಜನ ಅಮ್ಮನವರಿಗೆ ಒಂದು ಆಟ ಆಡಿಸುತ್ತೇವೆ ಎಂದು ಹರಕೆ ಹೇಳಿಕೊಳ್ಳುತ್ತಾರೆ. ಹೇಳಿಕೊಂಡವರು ಅಷ್ಟು ಜನ, ಆಟಕ್ಕೆ ಸಿಗುವ ದಿನಗಳು ಇಷ್ಟೇ. ಹಾಗಾಗಿ ಹೆಸರು ಕೊಟ್ಟು ಬಂದರೆ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಮಗುವಿಗೆಂದು ಹೇಳಿಕೊಂಡ ಆಟ ಆ ಮಗುವಿನ ಮದುವೆಯ ನಂತರ ಬಂದದ್ದೂ ಇದೆ.

ಹಿರಿಯಣ್ಣನ ಅಪ್ಪ ಚಂದು ಹೇಳಿಕೊಂಡದ್ದು ಮುಂಬಯಿಯಲ್ಲಿ ಮಹಾಮಳೆ ಬಂದ ವರ್ಷ. ಊರಿಡೀ ನೀರು ಎಂದು ರೇಡಿಯೋ ಹೇಳುತ್ತಿತ್ತು, ಮಗನಿಂದ ಸುದ್ದಿ ಇರಲಿಲ್ಲ. ಮಗ ಜೀವದಲ್ಲಿದ್ದಾನೆ ಎಂಬ ಮಾತು ಬಂದರೆ ನಮ್ಮ ಗದ್ದೆಯಲ್ಲಿ ಒಂದು ಆಟ ಎಂದು ಅವರು ದೀಪದ ಮುಂದೆ ಹೇಳಿಕೊಂಡರು. ಮಾತು ಬಂತು. ಕ್ಯಾಂಟೀನಿನ ಅಟ್ಟದ ಮೇಲೆ ಹತ್ತಿ ಕೂತಿದ್ದವರಲ್ಲಿ ಹಿರಿಯಣ್ಣನೂ ಇದ್ದ, ಆಗಷ್ಟೇ ಕೆಲಸಕ್ಕೆ ಸೇರಿದ್ದ ರತನನೂ ಇದ್ದ. ಚಂದು ಮರುವಾರವೇ ದೇವಸ್ಥಾನಕ್ಕೆ ಹೋಗಿ ಹೆಸರು ಕೊಟ್ಟು ಬಂದರು. ಸರದಿ ಬರುವ ಮೊದಲೇ ಅವರು ತೀರಿಕೊಂಡರು.

ಈಗ ಸರದಿ ಬಂದಿತ್ತು. ಮಳೆಗಾಲ ಕಳೆದು ಮೇಳ ಊರೂರಿಗೆ ಹೊರಡುವ ತಿರುಗಾಟದಲ್ಲಿ ನಿಮ್ಮ ಆಟ, ಒಪ್ಪಿಗೆ ತಿಳಿಸಿ ಎಂದು ಕಚೇರಿಯವರು ಕೇಳಿದರು. ಅಪ್ಪಿಯಮ್ಮ ಒಪ್ಪಿಗೆ ಎಂದರು. ಫೋನು ಇಟ್ಟ ಮೇಲೆ ಸೊಸೆಗೆ ಹೇಳಿದರು.

ಅಷ್ಟೇ ಆಗಿದ್ದರೆ ಅವಸರ ಇರಲಿಲ್ಲ. ಆದರೆ ಮುದುಕಿ ಅಲ್ಲಿಗೇ ನಿಲ್ಲಲಿಲ್ಲ. ಜಗಲಿಯಲ್ಲಿ ಕೂತು, ದಣಪೆಯ ಆಚೆ ಹೋಗುವವರ ಹೆಜ್ಜೆಯ ಸಪ್ಪಳ ಕೇಳಿದ ಕೂಡಲೇ, "ಹ್ವಾಯ್, ಯಾರದ್? ನಮ್ಮನಿ ಆಟ ಬಂತ್ ಕಾಣಿ. ಎಲ್ಲರೂ ಬರ್ಕ್. ಊಟಕ್ಕೇ ಬರ್ಕ್," ಎನ್ನುತ್ತ ಒಂದು ವಾರ ಕಳೆದರು. ಇಲ್ಲಿ ಮನೆಯ ಹಿರಿಯರು ಬಾಯಿಬಿಟ್ಟು ಕರೆದರೆ ಅದು ಹೇಳಿಕೆ ಆಯಿತು. ಅಚ್ಚು ಹಾಕಿಸಿದ ಕಾಗದ ಬೇಕಿಲ್ಲ. ಕೊಟ್ಟ ಹೇಳಿಕೆ ಹಿಂದಕ್ಕೆ ತೆಗೆದುಕೊಂಡ ಮನೆ ಗುಲ್ವಾಡಿಯಲ್ಲಿ ಇರಲಿಲ್ಲ.

ಪದ್ಮಾಕ್ಷಿಗೆ ಇದು ತಿಳಿದದ್ದು ಪ್ರಭಾವತಿಯಿಂದ.

"ನಂಗೂ ಹೇಳ್ಕಿ ಆಯ್ತ್ ಪದ್ಮಕ್ಕ. ಅಜ್ಜಿ ಗೋಳಿಬಜೆನೂ ಇತ್ತ್ ಅಂದ್ರ್."

"ಯಾರಿಗೆಲ್ಲ ಹೇಳ್ರ್?"

"ಯಾರಿಗೆ ಹೇಳ್ಲಿಲ್ಲೆ ಅಂದ್ ಕೇಣಿ. ಅದನ್ನ್ ಹೇಳುದ್ ಸುಲಭ."

ಪದ್ಮಾಕ್ಷಿ ಆವತ್ತು ಮೀನಿನ ದರ ಎರಡು ಸಲ ಕೇಳಿದಳು. ಮೊದಲ ಸಲದ್ದು ತಲೆಗೆ ಹೋಗಿರಲಿಲ್ಲ.

ಮಧ್ಯಾಹ್ನ ಅವಳು ಅತ್ತೆಯ ಹತ್ತಿರ ಬಂದು ಕೂತಳು. ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದರೆ ಅಪ್ಪಿಯಮ್ಮನಿಗೆ ಕಿವಿ ಕೇಳಿಸುವುದಿಲ್ಲ ಎಂಬುದು ಮನೆಯವರಿಗೆಲ್ಲ ಗೊತ್ತಿತ್ತು.

"ಅತ್ತಿ, ಎಲ್ಲರನ್ನೂ ಕರ್ದ್ರಿಯಂಬ್ರಲೆ."

"ಮತ್ತೆ? ಕರಿದೇ ಆಟ ಆಡ್ಸುದಾ? ಅವ್ರ್ ಇದ್ದಿದ್ರೆ ಅವ್ರ್ ಕರಿತಿದ್ರ್. ಅವ್ರಿಲ್ಲೆ, ನಾನ್ ಕರ್ದೆ."

"ದುಡ್ಡ್?"

"ನಂಗೆಂತ ಗೊತ್ತ್ ಹೆಣೆ. ಆ ಲೆಕ್ಕ ನಿಂದಲ್ದಾ?"

ಲೆಕ್ಕ ಅವಳದೇ. ಮೇಳಕ್ಕೆ ವೀಳ್ಯವೆಂದು ಕೊಡುವ ಹಣ, ಗದ್ದೆಯಲ್ಲಿ ಚಪ್ಪರ, ದೀಪ, ಮೈಕು, ಕುರ್ಚಿ, ಕಲಾವಿದರ ಊಟ, ಕರೆದ ಊರಿನ ಊಟ. ಶಾಲೆಯಲ್ಲಿ ದಿನವೂ ಮಕ್ಕಳಿಗೆ ಅಳೆದು ಬೇಯಿಸುವ ಕೈ ಅದು. ಊರಿಗೆ ಎಷ್ಟು ಅಕ್ಕಿ, ಎಷ್ಟು ಕಾಯಿ ಎಂದು ಕೂತಲ್ಲೇ ತಿಳಿಯಿತು. ಮನೆಯಲ್ಲಿದ್ದ ಎಲ್ಲ ಹೆಸರಿನ ಕಟ್ಟುಗಳನ್ನು ಬಿಚ್ಚಿ ಒಟ್ಟು ಹಾಕಿದರೂ ಅರ್ಧಕ್ಕೆ ಮುಟ್ಟುವುದಿಲ್ಲ ಎಂಬುದೂ ತಿಳಿಯಿತು. ಒಪ್ಪಿಗೆ ಹಿಂದಕ್ಕೆ ತೆಗೆದುಕೊಂಡರೆ ಸರದಿ ಮುಂದಿನವರಿಗೆ ಹೋಗುತ್ತದೆ. ಮತ್ತೆ ಹೆಸರು ಕೊಟ್ಟರೆ ಮತ್ತೆ ಅಷ್ಟೇ ವರ್ಷ. ಅಪ್ಪಿಯಮ್ಮನಿಗೆ ಅಷ್ಟು ವರ್ಷ ಇಲ್ಲ. ಹಿರಿಯಣ್ಣನ ವಿಷಯ ಅವಳು ಯೋಚಿಸಲಿಲ್ಲ.

ಆ ಸಂಜೆ ಮನೆಯಲ್ಲಿ ಎಲ್ಲರೂ ಒಂದೊಂದು ದಾರಿ ಹೇಳಿದರು.

"ಅಮ್ಮಾ, ನನ್ನ್ ಫೀಸ್ ಮುಂದಿನ ಸಲ ಕಟ್ಟುವ. ಪ್ರಿನ್ಸಿಪಾಲರ ಹತ್ರ ನಾನೇ ಕೇಂತೆ," ಎಂದಳು ವಿನಯಾ.

"ಅದ್ ಕಾಲೇಜಿನ ದುಡ್ಡ್," ಎಂದಳು ಪದ್ಮಾಕ್ಷಿ. ಆ ಮಾತು ಅಲ್ಲಿಗೆ ಮುಗಿಯಿತು.

ಆಮೇಲೆ ಹಿರಿಯಣ್ಣ ಬಾಯಿ ತೆರೆದ. ಅವನಿಗೆ ಮಾತು ಒಂದೊಂದಾಗಿ ಹೊರಗೆ ಬರಬೇಕು. "ಒಂದ್ ತಿಂಗ್ಳ್... ಮಾತ್ರೆ ಬಿಟ್ರೆ... ಎಂತ ಆತ್ತ್?"

"ಮಾತ್ರೆ ಬಿಟ್ರೆ ಆಟ ಯಾರಿಗ್ ಆಡ್ಸುದ್?" ಎಂದಳು. ಅವನು ಸ್ವಲ್ಪ ನಕ್ಕ. ಆಮೇಲೆ, "ರತನಂಗ್ ಒಂದ್ ಫೋನ್..." ಎಂದು ಶುರುಮಾಡಿದ.

"ಈಗ ಬ್ಯಾಡ. ನಾನೊಂದ್ ಸಲ ದೇವಸ್ಥಾನಕ್ಕ್ ಹೋಯಿ ಬತ್ತೆ."

ಅವಳು ಶುಕ್ರವಾರ ಬಸ್ಸು ಹತ್ತಿದಳು. ದೇವರ ಎದುರು ಎಂದಿನ ಹಾಗೆ ನಿಂತು, ಬಾಯಿಬಿಟ್ಟು ಏನೂ ಕೇಳದೆ, ಕುಂಕುಮ ಹಚ್ಚಿಕೊಂಡು ಕಚೇರಿಗೆ ಬಂದಳು. ಅಲ್ಲಿ ಸ್ವರ್ಣಲತಾ ಎಂಬ ಹೆಂಗಸು ಆಟದ ಸರದಿ ನೋಡಿಕೊಳ್ಳುತ್ತಿದ್ದಳು. ಪದ್ಮಾಕ್ಷಿ ಇದ್ದದ್ದು ಇದ್ದ ಹಾಗೆ ಹೇಳಿದಳು: ಮಾವ ಹೇಳಿಕೊಂಡದ್ದು, ಗಂಡ ಕೈಕಾಲು ಸೋತು ಮನೆಯಲ್ಲಿ ಕೂತದ್ದು, ಅತ್ತೆ ಊರು ಕರೆದದ್ದು.

ಕೊನೆಯದನ್ನು ಕೇಳಿ ಸ್ವರ್ಣಲತಾ ಪೆನ್ನು ಕೆಳಗಿಟ್ಟಳು. "ಊರಿಡೀ ಕರ್ದ್ರಾ?"

"ಹೆಮ್ಮಾಡಿ ಬದಿ ಸ್ವಲ್ಪ ಬಾಕಿ ಇದ್ದಿತ್. ಈಗ ಅದೂ ಆಯ್ದಿಪ್ಪುಕೂ ಸಾಕ್."

ಸ್ವರ್ಣಲತಾ ಒಂದು ದಾರಿ ಹೇಳಿದಳು. ಮಳೆಗಾಲದಲ್ಲಿ ಮೇಳ ತಿರುಗಾಟಕ್ಕೆ ಹೊರಡುವುದಿಲ್ಲ, ದೇವಸ್ಥಾನದ ಒಳಗೇ ಸೇವೆ ಆಟ ಆಡುತ್ತದೆ. ಹರಕೆಯನ್ನು ಅಲ್ಲಿಯೇ ಸಲ್ಲಿಸಬಹುದು. ಚಪ್ಪರ ಬೇಡ, ದೀಪ ಬೇಡ, ಕಲಾವಿದರ ಊಟ ದೇವಸ್ಥಾನದ್ದು. ಬಂದವರಿಗೂ ದೇವಸ್ಥಾನದ ಪಂಕ್ತಿ ಇದ್ದೇ ಇದೆ. ವೀಳ್ಯ ಮಾತ್ರ ಕಟ್ಟಬೇಕು, ಅದೂ ಕಡಿಮೆ.

"ಮಾವ ಗದ್ದೆಲಿ ಅಂದ್ ಹೇಳ್ಕಂಡಿದ್ರ್," ಎಂದಳು ಪದ್ಮಾಕ್ಷಿ.

"ಅದ್ ನಿಮ್ಮನಿ ಒಳ್ಗಿನ ಮಾತ್. ಹೇಳ್ಕಂಬತ್ತಿಗೆ ಹತ್ರ ಇದ್ದವ್ರ್ ಯಾರಾರೂ ಇದ್ರೆ ಅವ್ರನ್ನ್ ಕೇಣಿ. ಅವ್ರ್ ಆತ್ತ್ ಅಂದ್ರೆ ಆತ್ತ್."

ಹತ್ತಿರ ಇದ್ದವರು ಅಪ್ಪಿಯಮ್ಮ ಒಬ್ಬರೇ.

ಅಪ್ಪಿಯಮ್ಮ ಕೇಳಿ ಮುಖ ತಿರುಗಿಸಿದರು. ಎರಡು ದಿನ ಸೊಸೆಯ ಹತ್ತಿರ ಮಾತಾಡಲಿಲ್ಲ. ಗಂಜಿ ಬೇಕಾದರೆ, "ವಿನಯಾ, ನಿನ್ನಮ್ಮನ ಹತ್ರ ಗಂಜಿ ಹಾಕುಕ್ ಹೇಳ್," ಎನ್ನುತ್ತಿದ್ದರು, ಪದ್ಮಾಕ್ಷಿ ಪಕ್ಕದಲ್ಲೇ ಬಡಿಸಲು ನಿಂತಿದ್ದರೂ. ಪದ್ಮಾಕ್ಷಿ ಗಂಜಿ ಹಾಕಿ, ಉಪ್ಪಿನಕಾಯಿ ಇಟ್ಟು, ಹಿಂದೆ ಸರಿದು ಕೂರುವಳು. ಅವಳಿಗೆ ಕಾಯುವುದು ಗೊತ್ತಿತ್ತು.

ಮೂರನೆಯ ದಿನ ಮುದುಕಿ ನೇರ ಕೇಳಿದರು. "ಕರ್ದವ್ರಿಗ್ ಎಂತ ಹೇಳುದ್?"

"ಮತ್ತೊಂದ್ ಸಲ ಕರಿವ. ದೇವಸ್ಥಾನಕ್ಕ್ ಬನ್ನಿ ಅಂದ್. ನಾನೇ ಹೋತೆ, ನೀವೂ ಬನ್ನಿ."

"ಊಟ ಮನಿಯದ್ದಲ್ದಲೆ."

"ಅಮ್ಮನವ್ರದ್. ನಮ್ಮನಿ ಊಟಕ್ಕಿಂತ ಕಮ್ಮಿಯಾ?"

ಅಷ್ಟು ದಿನದಿಂದ ಅಪ್ಪಿಯಮ್ಮನ ಒಳಗಿದ್ದ ಮಾತು ಆಗ ಹೊರಗೆ ಬಂತು. "ಅಲ್ಲ್ ಅವ್ರ್ ಹೆಸ್ರ್ ಹೇಳ್ತ್ರಾ?"

"ಹೇಳ್ತ್ರ್. ನಾನ್ ಕೇಂಡ್ಕಂಡೇ ಬಂದದ್. ಗುಲ್ವಾಡಿ ಚಂದು ಅವ್ರ ಹರ್ಕಿ ಸೇವೆ ಅಂದ್, ಎಲ್ಲರಿಗೂ ಕೇಂಬ ಹಾಂಗೆ."

"ಮೈಕಲ್ಲಾ?"

"ಮೈಕಲ್ಲೇ."

"ಹಾಂಗಾರೆ ಆತ್ತ್," ಎಂದರು ಅಪ್ಪಿಯಮ್ಮ. "ಗದ್ದೆಲಿ ಎಂತ ಇತ್ತ್ ಈಗ? ಬರೀ ಏಡಿ."

ಮರುದಿನದಿಂದ ಅತ್ತೆ ಸೊಸೆ ಇಬ್ಬರೂ ಒಂದೇ ಕೊಡೆಯಡಿ ಮನೆಮನೆಗೆ ಹೋದರು. ಇಂಥದ್ದು ಯಾರೂ ಮಾಡಿರಲಿಲ್ಲ. ಕೆಲವು ಮನೆಗಳಲ್ಲಿ ಮುಖ ಸಣ್ಣದಾಯಿತು. ಒಂದು ಮನೆಯ ಯಜಮಾನ, "ಗದ್ದೆಲಿ ಅಂದ್ರಿ, ಈಗ ಬಸ್ಸ್ ಹತ್ಕಾ?" ಎಂದು ಕೇಳಿಯೇ ಬಿಟ್ಟ. ಪದ್ಮಾಕ್ಷಿ ಹೌದು ಎಂದಳು. ಕಾರಣ ಹೇಳಲಿಲ್ಲ. ಕಾರಣ ಎಲ್ಲರಿಗೂ ಗೊತ್ತಿತ್ತು, ಹಾಗಾಗಿ ಅವನೂ ಮುಂದೆ ಕೇಳಲಿಲ್ಲ. ಪ್ರಭಾವತಿ ಮಾತ್ರ, "ಗೋಳಿಬಜೆ ಹೋಯ್ತಲೆ ಅಜ್ಜಿ," ಎಂದಳು. ಅಪ್ಪಿಯಮ್ಮ, "ನಿಂಗ್ ಗೋಳಿಬಜೆಯಾ ಆಟವಾ?" ಎಂದು ಗದರಿದರು. "ಖರೇ ಹೇಳ್ಕಾ?" ಎಂದಳು ಅವಳು.

ವೀಳ್ಯ ಕಡಿಮೆಯಾದರೂ ಅದು ಎಲ್ಲಿಂದಲೋ ಬರಬೇಕಿತ್ತು. ಮಾತ್ರೆಯನ್ನೂ ಕಾಲೇಜನ್ನೂ ಮುಟ್ಟದೆ ಆಟ ಸಲ್ಲಬೇಕು. ಪದ್ಮಾಕ್ಷಿ ಅಮ್ಮನವರ ಎದುರು ಬಾಯಲ್ಲಿ ಹೇಳದೆ ನಿಂತದ್ದು ಇದಕ್ಕೇ. ಮೊದಲು ಹಪ್ಪಳದ ಹಣ ಒಂದು ಬೇರೆ ಕಟ್ಟಾಯಿತು. ಅದು ಸಾಲದೆ ಮನೆಗೆ ಮೀನು ತರುವುದು ನಿಂತಿತು. ದರ ಕೇಳುವುದು ನಿಲ್ಲಲಿಲ್ಲ. ಟಿ.ವಿ.ಯ ರೀಚಾರ್ಜು ನಿಂತಿತು. ಕೋಟೇಶ್ವರಕ್ಕೆ ಹಪ್ಪಳ ಕೊಡಲು ಹೋಗುವಾಗ ಹೆದ್ದಾರಿಯವರೆಗೆ ರಿಕ್ಷಾದ ಬದಲು ನಡಿಗೆ. ಶಾಲೆ ತೆರೆದ ಮೇಲೆ, ಹಿಂದೆ ನಿಂತಿದ್ದ ಗೌರವಧನ ಒಂದು ದಿನ ಸದ್ದಿಲ್ಲದೆ ಬ್ಯಾಂಕಿಗೆ ಬಿತ್ತು. ಪದ್ಮಾಕ್ಷಿ ಅದನ್ನು ತಂದು ಹಪ್ಪಳದ ಹಣದ ಜೊತೆ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿದಳು. ಆ ಕಟ್ಟಿಗೆ ಮಾವ ಎಂದು ಹೆಸರಿಟ್ಟಳು. ಬಸ್ಸಿನ ಖರ್ಚು, ಹಣ್ಣುಕಾಯಿ, ಅತ್ತೆಯನ್ನೂ ಗಂಡನನ್ನೂ ಕರೆದುಕೊಂಡು ಹೋಗುವ ರಿಕ್ಷಾದ ಬಾಡಿಗೆ ಎಲ್ಲ ಅದರೊಳಗೇ ಹಿಡಿಯಿತು. ಮೇಲೆ ಉಳಿದದ್ದು ಏನೂ ಇಲ್ಲ.

ಆಟಕ್ಕೆ ಎರಡು ದಿನ ಇದೆ ಎನ್ನುವಾಗ ರತನ್ ಬಂದ.

ಮಳೆ ಹಿಡಿದುಕೊಂಡಿತ್ತು. ಅವನ ಕಾರು ದಣಪೆಯ ಹತ್ತಿರ ನಿಂತಿತು. ಹಿರಿಯಣ್ಣನ ಮುಖ ನೋಡಿದ ಕೂಡಲೇ ಪದ್ಮಾಕ್ಷಿಗೆ ಫೋನು ಹೋಗಿದೆ ಎಂದು ತಿಳಿಯಿತು. ಅವಳು ಒಳಗೆ ಹೋಗಿ ಚಾ ಇಟ್ಟಳು.

ರತನ್ ಹಿರಿಯಣ್ಣನ ಸೋತ ಕೈಯನ್ನು ಹಿಡಿದುಕೊಂಡು ಕೂತಿದ್ದ. ಮೈ ತುಂಬಿಕೊಂಡಿದೆ, ತಲೆ ಸ್ವಲ್ಪ ನರೆತಿದೆ. ಮಾತಿನ ನಡುವೆ ಮರಾಠಿ ಬರುತ್ತದೆ, ಗೊತ್ತಾದ ಕೂಡಲೇ ತಿದ್ದಿಕೊಳ್ಳುತ್ತಾನೆ. ಚಾ ಕುಡಿದು ಲೋಟ ಕೆಳಗಿಟ್ಟು ಅವನು ಶುರುಮಾಡಿದ.

"ಅತ್ಗಿ, ಮಳ್ಗಾಲದ್ ಸೇವೆ ಬ್ಯಾಡ. ನಾನ್ ಕಚೇರಿಯಲ್ಲ್ ಕೇಂಡೆ. ತಿರ್ಗಾಟದ್ ಸರ್ದಿ ಇನ್ನೂ ಬೇರೆಯವ್ರಿಗ್ ಕೊಡ್ಲಿಲ್ಲೆ ಅಂಬ್ರ್. ನಿಮ್ಮ ಗದ್ದೆಲೇ ಮಾಡುವ. ವೀಳ್ಯ, ಚಪ್ಪರ, ಊಟ ಎಲ್ಲ ನನ್ನ್ ಲೆಕ್ಕ. ಅಡ್ಗೆಗೆ ಪುಣೆಯಿಂದ ನಮ್ಮ ಹುಡ್ಗ್ರೇ ಬತ್ತ್ರ್. ನನ್ನ್ ಹೆಸ್ರ್ ಎಲ್ಲೂ ಬ್ಯಾಡ. ಬ್ಯಾನರೂ ಬ್ಯಾಡ."

ಅಪ್ಪಿಯಮ್ಮ ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ವಿನಯಾ ಅಮ್ಮನ ಮುಖ ನೋಡುತ್ತಿದ್ದಳು.

"ಇಷ್ಟ್ ಹೇಳ್ದ್ರಿಯಲೆ, ಅದೇ ದೊಡ್ಡದ್," ಎಂದಳು ಪದ್ಮಾಕ್ಷಿ. "ಆರೆ ಬ್ಯಾಡ."

"ಎಂತಕ್ಕ್ ಬ್ಯಾಡ? ಆ ಅಟ್ಟದ ಮೇಲೆ ನಾನೂ ಇದ್ದೆ ಅತ್ಗಿ. ಹಿರಿಯಣ್ಣ ನನ್ನ್ ಅಂಗಿ ಕಾಲರ್ ಹಿಡ್ದ್ ಮೇಲ್ ಎಳಿಲಿಲ್ದಿದ್ರೆ ನಾನ್ ಇವತ್ತ್ ಇಲ್ಲ್ ಕೂಕಂಬುಕೆ ಇಲ್ಲೆ. ಆ ಹರ್ಕಿಯಲ್ಲ್ ನಂದೂ ಪಾಲಿತ್ತ್."

ಪದ್ಮಾಕ್ಷಿ ಅವನನ್ನೇ ಕೇಳಿದಳು. "ಆಗ್ಳಿಕೆ ನಿಮ್ಮ ಅಮ್ಮ ಎಂತ ಹೇಳ್ಕಂಡಿದ್ರ್?"

"ಅಮ್ಮನಾ? ಶಂಕರನಾರಾಯಣಕ್ಕ್ ಒಂದ್ ರುದ್ರಾಭಿಷೇಕ."

"ತೀರ್ಸಿದ್ರಾ?"

"ಆವತ್ತೇ ತೀರ್ಸಿದ್ರ್."

"ಹಾಂಗಾರೆ ನಿಮ್ದ್ ತೀರಿತ್. ಇದ್ ಮಾವ ಹೇಳ್ಕಂಡದ್. ಇದನ್ನ್ ನಾವ್ ತೀರ್ಸ್ಕ್."

ರತನ್ ಹಿರಿಯಣ್ಣನ ಕಡೆ ತಿರುಗಿದ. ಹಿರಿಯಣ್ಣ ಹೆಂಡತಿಯನ್ನು ನೋಡಿದ, ಮಳೆಯನ್ನು ನೋಡಿದ. "ಅವ್ಳ್... ಹೇಳ್ದ ಹಾಂಗೆ," ಎಂದ.

"ನೀವ್ ಬೇಜಾರ್ ಮಾಡ್ಕಣ್ಬೇಡಿ," ಎಂದಳು ಪದ್ಮಾಕ್ಷಿ. "ಇವ್ರನ್ನ್ ನೀವ್ ರೈಲಲ್ಲಿ ಕರ್ಕಂಡ್ ಬಂದ್ರಿ. ಆವತ್ತ್ ಬ್ಯಾಡ ಅಂಬ ಹಾಂಗ್ ಇರ್ಲಿಲ್ಲೆ, ತಕಂಡೆ. ಈಗ ಬ್ಯಾಡ ಅಂಬುಕಾತ್ತ್."

ರತನ್ ಖಾಲಿ ಲೋಟವನ್ನು ಎತ್ತಿ ಮತ್ತೆ ಕೆಳಗಿಟ್ಟ. ಒಳಗಿನಿಂದ ಅಪ್ಪಿಯಮ್ಮ, "ರತನಾ, ಆಟಕ್ಕ್ ಬಾ ಮಗಾ. ಊಟಕ್ಕೇ ಬಾ," ಎಂದರು. ಅವನು ಬತ್ತೆ ಅಜ್ಜಿ ಎಂದ.

ಹೊರಡುವಾಗ ಜಗಲಿಯ ಅಂಚಿನಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ ಮತ್ತೆ ನಿಂತ.

"ಕಾರಾದ್ರೂ ಕಳಿಸ್ತೆ ಅತ್ಗಿ. ಈ ಮಳೆಯಲ್ಲ್ ಅಜ್ಜಿನೂ ಹಿರಿಯಣ್ಣನ್ನೂ ಹ್ಯಾಂಗ್ ಕರ್ಕಂಡ್ ಹೋತ್ರಿ?"

"ರೋಷನ್‌ನ ರಿಕ್ಷಾಕ್ಕೆ ಹೇಳಿದ್ದೆ," ಎಂದಳು ಪದ್ಮಾಕ್ಷಿ, ಅವನಿಗೆ ಕೊಡೆ ಬಿಚ್ಚಿಕೊಡುತ್ತ. "ಈಗ ಬ್ಯಾಡ ಅಂದ್ರೆ ಅವ್ನಿಗೊಂದ್ ಬಾಡ್ಗಿ ಹೋತ್ತ್."